ವಾಷಿಂಗ್ಟನ್ ಸರೋವರದ ಮೇಲೊಂದು ಪಲ್ಟಿ

1955ರ ಆಗಸ್ಟ್ ತಿಂಗಳ ಮೊದಲ ವಾರ. ಅಮೆರಿಕದ ಸಿಯಾಟಲ್‌ನಲ್ಲಿ ಊರಿಗೆ ಊರೇ ವಾಷಿಂಗ್ಟನ್ ಸರೋವರದ ದಂಡೆಗೆ ಬಂದು ಕೂತಿದೆ. ಗೋಲ್ಡ್ ಕಪ್ ದೋಣಿ ಸ್ಪರ್ಧೆ. ಎರಡು ಲಕ್ಷಕ್ಕೂ ಮಿಕ್ಕಿದ ಜನ. ದಂಡೆಯಲ್ಲಿ ಜಾಗ ಸಾಲದೆ ದೋಣಿಗಳಲ್ಲಿ ಲಂಗರು ಹಾಕಿ ಕೂತವರೂ ಬೇಕಾದಷ್ಟು. ನೀರಿಗೆ ತಾಗಿಯೂ ತಾಗದಂತೆ ಓಡುವ ಹೈಡ್ರೋಪ್ಲೇನ್‌ಗಳು ಬೆನ್ನಹಿಂದೆ ಮನೆಯೆತ್ತರದ ತುಂತುರು ಎಬ್ಬಿಸುತ್ತಿವೆ.

ಲಂಗರು ಹಾಕಿದ ದೋಣಿಗಳಲ್ಲೊಂದರಲ್ಲಿ ಬೋಯಿಂಗ್ ಕಂಪನಿಯ ಅಧ್ಯಕ್ಷ ಬಿಲ್ ಅಲೆನ್ ಇದ್ದಾರೆ. ವಕೀಲಿಕೆಯಿಂದ ಬಂದ ಮನುಷ್ಯ, ಲೆಕ್ಕಾಚಾರದ ಸ್ವಭಾವ. ಸುತ್ತ ಇರುವವರು ವಿಮಾನ ಉದ್ಯಮದ ಘಟಾನುಘಟಿಗಳು. ಊಟ-ಉಪಚಾರದ ನಡುವೆ ತಮ್ಮ ಹೊಸ ಜೆಟ್ಟು ಒಮ್ಮೆ ತಲೆಯ ಮೇಲೆ ಹಾದುಹೋಗಲಿ, ಅತಿಥಿಗಳು ಕಣ್ತುಂಬ ನೋಡಲಿ ಎಂಬುದಷ್ಟೇ ಅವರ ಆಸೆ.

ಜೆಟ್ಟು ಬಂತು. ಹಳದಿ, ಕಂದು ಬಣ್ಣ ಬಳಿದ 127 ಅಡಿ ಉದ್ದದ ಲೋಹದ ಮೈ, ಹಿಂದಕ್ಕೆ ಬಾಗಿದ ರೆಕ್ಕೆಗಳು, ಅವುಗಳ ಕೆಳಗೆ ತೂಗುವ ನಾಲ್ಕು ಎಂಜಿನ್. ಕೆಳಮಟ್ಟದಲ್ಲಿ ಸರೋವರದ ಮೇಲೆ ಗುಡುಗುತ್ತ ಬಂದದ್ದು ಮೂತಿ ಎತ್ತಿತು. ಎತ್ತಿದ್ದು ಹಾಗೇ ಮೇಲೇರಿ ಹೋಗುತ್ತದೆ ಅಂದುಕೊಳ್ಳುವಷ್ಟರಲ್ಲಿ ಒಂದು ರೆಕ್ಕೆ ಕೆಳಗಿಳಿಯಿತು, ಇನ್ನೊಂದು ನೆಟ್ಟಗೆ ಆಕಾಶಕ್ಕೆ ನಿಂತಿತು, ನೋಡನೋಡುತ್ತ ವಿಮಾನದ ಹೊಟ್ಟೆ ಸೂರ್ಯನ ಕಡೆಗೆ ತಿರುಗಿತು. ನಾಲ್ಕೂ ಎಂಜಿನ್‌ಗಳು ರೆಕ್ಕೆಯ ಮೇಲೆ ಕೂತಂತೆ ಕಂಡವು. ಸಾವಕಾಶವಾಗಿ, ಯಾವ ಅವಸರವೂ ಇಲ್ಲದೆ ಇನ್ನರ್ಧ ಸುತ್ತು ತಿರುಗಿ ಸಮಕ್ಕೆ ಬಂದು ಹೊರಟುಹೋಯಿತು. ಜನ ಬಿಟ್ಟ ಬಾಯಿ ಮುಚ್ಚಿರಲಿಲ್ಲ, ವಿಮಾನ ಹಿಂದಿರುಗಿ ಬಂದು ಮತ್ತೊಂದು ಪಲ್ಟಿ ಹೊಡೆಯಿತು. ಮೊದಲನೆಯದನ್ನು ಏನೋ ಕೈತಪ್ಪಿ ಆಗಿದ್ದು ಅಂದುಕೊಂಡವರಿಗೆ ಎರಡನೆಯದು ಉತ್ತರ ಕೊಟ್ಟಿತು.

ಅಲೆನ್ ಪಕ್ಕದಲ್ಲಿದ್ದವರು ಬೆಲ್ ವಿಮಾನ ಕಂಪನಿಯ ಸ್ಥಾಪಕ ಲ್ಯಾರಿ ಬೆಲ್. ಹೃದಯದ ತೊಂದರೆ ಇದ್ದವರು. ಅವರ ಜೇಬಿನ ಗುಳಿಗೆಯನ್ನು ಅಲೆನ್ ತಮಗೊಂದು ಕೊಡಿ ಎಂದು ಕೇಳಿದರು ಎಂಬ ಕಥೆಯನ್ನು ವಿಮಾನದವರು ಇಂದಿಗೂ ನಗುತ್ತ ಹೇಳುತ್ತಾರೆ.

ಅಲೆನ್‌ಗೆ ಎದೆ ಹೊಡೆದುಕೊಂಡದ್ದರಲ್ಲಿ ತಪ್ಪೇನಿಲ್ಲ. ಅದು ಮಾರಾಟಕ್ಕೆ ತಯಾರಾದ ವಿಮಾನವಲ್ಲ, ಮಾದರಿ. ಇದ್ದದ್ದು ಅದೊಂದೇ. 'ಡ್ಯಾಶ್ 80' ಎಂಬ ಅಡ್ಡಹೆಸರಿನ ಆ ಒಂದು ವಿಮಾನಕ್ಕೆ ಕಂಪನಿ ತನ್ನ ಸ್ವಂತ ಗಂಟಿನಿಂದ 1 ಕೋಟಿ 60 ಲಕ್ಷ ಡಾಲರ್ ಸುರಿದಿತ್ತು. ವಾಯುಪಡೆ ಅದರ ಟ್ಯಾಂಕರ್ ರೂಪವನ್ನು ಕೊಳ್ಳಲು ಒಪ್ಪಿತ್ತು ನಿಜ, ಆದರೆ ಪ್ರಯಾಣಿಕರ ಜೆಟ್ಟಿಗೆ ಒಂದೇ ಒಂದು ಆರ್ಡರ್ ಬಂದಿರಲಿಲ್ಲ. ಅದರ ಹಿಂದಿನ ವರ್ಷವಷ್ಟೇ ಬ್ರಿಟನ್ನಿನ ಕಾಮೆಟ್ ಜೆಟ್ಟುಗಳೆರಡು ಮೆಡಿಟರೇನಿಯನ್ ಸಮುದ್ರದ ಮೇಲೆ ಆಕಾಶದಲ್ಲೇ ಒಡೆದು ಚೂರಾಗಿದ್ದವು. ಜೆಟ್ಟು ಅಂದರೆ ಜನ ಹಿಂದೆಮುಂದೆ ನೋಡುತ್ತಿದ್ದ ಕಾಲ.

ಕಾಕ್‌ಪಿಟ್‌ನಲ್ಲಿ ಎಡಗಡೆ ಕೂತಿದ್ದವನು ಆಲ್ವಿನ್ ಜಾನ್‌ಸ್ಟನ್. ಕ್ಯಾನ್ಸಸ್ ರಾಜ್ಯದಲ್ಲಿ ಹುಟ್ಟಿದವನು. ಕೌಬಾಯ್ ಬೂಟು ಹಾಕಿಕೊಂಡೇ ವಿಮಾನ ಹತ್ತುತ್ತಿದ್ದುದರಿಂದ ಎಲ್ಲರ ಬಾಯಲ್ಲಿ 'ಟೆಕ್ಸ್'. ಬೂಟು ನೋಡಿ ಹುಂಬನೆಂದು ಅಳೆದರೆ ಲೆಕ್ಕ ತಪ್ಪುತ್ತದೆ. 1946ರಲ್ಲಿ ಥಾಂಪ್ಸನ್ ಟ್ರೋಫಿ ಗೆದ್ದವನು, 1952ರಲ್ಲಿ ಬಿ-52 ಬಾಂಬರನ್ನು ಮೊದಲ ಸಲ ನೆಲ ಬಿಡಿಸಿದವನು, 1954ರ ಜುಲೈನಲ್ಲಿ ಈ ಡ್ಯಾಶ್ 80ರ ಮೊದಲ ಹಾರಾಟವನ್ನೂ ಮಾಡಿದವನು. ವಿಮಾನದ ನರನಾಡಿ ಗೊತ್ತಿತ್ತು.

ಗೊತ್ತಿದ್ದ ಗುಟ್ಟು ಇಷ್ಟೇ. ಚೊಂಬಿನಲ್ಲಿ ನೀರು ತುಂಬಿ ಗಿರ್ರನೆ ತಿರುಗಿಸಿದರೆ ಚೊಂಬು ಬೋರಲಾದಾಗಲೂ ನೀರು ಚೆಲ್ಲುವುದಿಲ್ಲ. ಬ್ಯಾರಲ್ ರೋಲ್ ಎಂಬ ಈ ಕಸರತ್ತಿನಲ್ಲಿ ವಿಮಾನ ಇದ್ದಲ್ಲೇ ಹೊರಳುವುದಿಲ್ಲ, ದೊಡ್ಡ ಸುರುಳಿಯ ದಾರಿಯಲ್ಲಿ ಮುಂದಕ್ಕೆ ಸಾಗುತ್ತ ತಿರುಗುತ್ತದೆ. ಮೊದಲು ಮೂತಿ ಎತ್ತಿ ಒಂದಿಷ್ಟು ಎತ್ತರ ಕೂಡಿಟ್ಟುಕೊಳ್ಳಬೇಕು. ಅಂಗಾತವಾದ ಗಳಿಗೆಯಲ್ಲಿ ರೆಕ್ಕೆಯ ಎತ್ತುಬಲ ನೆಲದ ಕಡೆಗೇ ಎಳೆಯುತ್ತಿರುತ್ತದೆ, ಗುರುತ್ವವೂ ಅತ್ತಲೇ. ಎರಡೂ ಸೇರಿ ವಿಮಾನದ ದಾರಿಯನ್ನು ಕೆಳಕ್ಕೆ ಬಾಗಿಸುತ್ತವೆ, ಬಿಟ್ಟ ಕಲ್ಲು ಬೀಳುವುದಕ್ಕಿಂತ ಜೋರಾಗಿ. ಹಾಗಾಗಿ ಒಳಗೆ ಕೂತವನು ಬೆಲ್ಟಿಗೆ ಜೋತುಬೀಳುವುದಿಲ್ಲ, ಸೀಟಿಗೇ ಒತ್ತಿಕೊಂಡಿರುತ್ತಾನೆ. ಎಂಜಿನ್ನಿಗೆ ಇಂಧನ ಎಂದಿನಂತೆ ಹರಿಯುತ್ತದೆ. ಚೆನ್ನಾಗಿ ಮಾಡಿದರೆ ರೆಕ್ಕೆಯ ಮೇಲೆ ಬೀಳುವ ಭಾರ ಸಮಹಾರಾಟದ ಭಾರಕ್ಕಿಂತ ತೀರಾ ಹೆಚ್ಚೇನೂ ಆಗದು. ಇಂದಿಗೂ ಪ್ರಯಾಣಿಕರ ಜೆಟ್ಟುಗಳನ್ನು ಅದರ ಎರಡೂವರೆ ಪಟ್ಟು ತಡೆಯುವಂತೆ ಕಟ್ಟಬೇಕೆಂಬ ನಿಯಮವಿದೆ. ಅಂದರೆ, ಭಯವೆಲ್ಲ ನೋಡುವವರದು. ವಿಮಾನಕ್ಕೆ ತಾನು ತಲೆಕೆಳಗಾದದ್ದೇ ತಿಳಿಯುವುದಿಲ್ಲ.

ಜೊತೆಯಲ್ಲಿದ್ದ ಎಂಜಿನಿಯರ್ ಬೆಲ್ ವೈಟ್‌ಹೆಡ್ ಆ ಗಳಿಗೆಯಲ್ಲಿ ಕಿಟಕಿಯಿಂದ ಒಂದು ಫೋಟೋ ತೆಗೆದ. ರೆಕ್ಕೆಯ ಮೇಲೆ ಎಂಜಿನ್, ಆಕಾಶ ಇರಬೇಕಾದ ಕಡೆ ಭೂಮಿ. ಪಲ್ಟಿ ಹೊಡೆಯುವಾಗ ಕ್ಯಾಮೆರಾ ಹಿಡಿಯಲು ಕೈ ನಡುಗಲಿಲ್ಲವೆಂದರೆ ಒಳಗೆ ಎಷ್ಟು ನೆಮ್ಮದಿ ಇತ್ತೆಂದು ಬೇರೆ ಹೇಳಬೇಕಿಲ್ಲ.

ಮರುದಿನ ಅಲೆನ್ ಕೋಣೆಗೆ ಕರೆ ಬಂತು. ಏನು ಮಾಡುತ್ತಿದ್ದೆ ಎಂಬ ಪ್ರಶ್ನೆಗೆ ಟೆಕ್ಸ್, ವಿಮಾನ ಮಾರುತ್ತಿದ್ದೆ ಎಂದನಂತೆ. ಅಪಾಯವಿಲ್ಲದ ಕಸರತ್ತೆಂದು ವಿವರಿಸಿದ. ಇನ್ನೊಮ್ಮೆ ಮಾಡಬೇಡ ಎಂಬಲ್ಲಿಗೆ ಮಾತು ಮುಗಿಯಿತು. ನನ್ನನ್ನು ಕೇಳಿದರೆ, ಗದರಿಸಿದ್ದೂ ಸರಿ, ಕೆಲಸದಿಂದ ತೆಗೆಯದೆ ಇದ್ದದ್ದೂ ಸರಿ. ಅದೇ ಅಕ್ಟೋಬರ್‌ನಲ್ಲಿ ಪ್ಯಾನ್ ಅಮೆರಿಕನ್ ವಿಮಾನಯಾನ ಕಂಪನಿ ಡ್ಯಾಶ್ 80ರ ಪ್ರಯಾಣಿಕ ರೂಪವಾದ 20 ಬೋಯಿಂಗ್ 707ಗಳಿಗೆ ಆರ್ಡರ್ ಕೊಟ್ಟಿತು. ಪಲ್ಟಿ ನೋಡಿಯೇ ಕೊಟ್ಟರು ಎನ್ನುವುದು ಕಥೆಗಾರರ ಉತ್ಸಾಹ. ಅದೇ ದಿನ ಅವರು ಪಲ್ಟಿ ಹೊಡೆಯದ ಡಗ್ಲಸ್ ಕಂಪನಿಯಿಂದ 25 ಡಿಸಿ-8 ಕೊಂಡಿದ್ದನ್ನು ಈ ಕಥೆಗಾರರು ಮರೆತುಬಿಡುತ್ತಾರೆ! 1960ರಲ್ಲಿ ಏರ್ ಇಂಡಿಯಾವನ್ನು ಜೆಟ್ ಯುಗಕ್ಕೆ ತಂದದ್ದೂ ಈ 707ಗಳೇ.

ಕಾಂಕಾರ್ಡ್ ವಿಮಾನಕ್ಕೂ ಈ ಯೋಗ ಬಂದಿತ್ತು. ಫ್ರಾನ್ಸಿನ ಪರೀಕ್ಷಾ ಪೈಲಟ್ ಜಾಂ ಫ್ರಾಂಕಿ ಅದನ್ನು ಮಗುಚಿ ಎತ್ತಿದ್ದನ್ನು ಬ್ರಿಟಿಷ್ ಏರ್‌ವೇಸ್‌ನ ಕ್ಯಾಪ್ಟನ್ ಬ್ರಯಾನ್ ವಾಲ್ಪೋಲ್ ಮುಂದೆ ಹೇಳಿಕೊಂಡಿದ್ದಾರೆ. ಅಲ್ಲಿ ಪ್ರೇಕ್ಷಕರ ಜಾತ್ರೆ ಇರಲಿಲ್ಲ.

ಜೀವ ಉಳಿಸಿಕೊಳ್ಳಲು ಹೊಡೆದ ಪಲ್ಟಿಯ ಬಣ್ಣವೇ ಬೇರೆ. 1994ರ ಏಪ್ರಿಲ್ 7, ಮೆಂಫಿಸ್‌ನಿಂದ ಹೊರಟ ಫೆಡೆಕ್ಸ್ ಕಂಪನಿಯ ಡಿಸಿ-10 ಸರಕು ವಿಮಾನ. ಉಚಿತ ಪ್ರಯಾಣಕ್ಕೆಂದು ಹತ್ತಿದ್ದ ಅದೇ ಕಂಪನಿಯ ನೌಕರನೊಬ್ಬ ಗಿಟಾರಿನ ಪೆಟ್ಟಿಗೆಯಲ್ಲಿ ಸುತ್ತಿಗೆಗಳನ್ನೂ ಮೀನಿನ ಈಟಿ ಹಾರಿಸುವ ಬಂದೂಕನ್ನೂ ತಂದಿದ್ದ. ಮೂವರು ಸಿಬ್ಬಂದಿಯ ತಲೆಗಳಿಗೂ ಸುತ್ತಿಗೆಯ ಪೆಟ್ಟು ಬಿತ್ತು. ಸಹಪೈಲಟ್ ಜಿಮ್ ಟಕರ್ ನೌಕಾಪಡೆಯಲ್ಲಿ ವಿಮಾನ ಹಾರಿಸಿದ್ದವನು. ತಲೆಬುರುಡೆ ಒಡೆದಿತ್ತು, ಬಲಗೈ ಸ್ವಾಧೀನ ತಪ್ಪುತ್ತಿತ್ತು. ದಾಳಿಕೋರನನ್ನು ಕಾಲೂರಲು ಬಿಡಬಾರದೆಂದು ಆತ ಆ ಬೃಹತ್ ವಿಮಾನವನ್ನು ಸರ್ರನೆ ಏರಿಸಿದ, ಹೆಚ್ಚುಕಮ್ಮಿ ಅಂಗಾತವಾಗುವಷ್ಟು ಹೊರಳಿಸಿದ, ಧುಮುಕಿಸಿದ. ಹಿಂದೆ ಕ್ಯಾಪ್ಟನ್ ಡೇವಿಡ್ ಸ್ಯಾಂಡರ್ಸ್, ಎಂಜಿನಿಯರ್ ಆ್ಯಂಡಿ ಪೀಟರ್ಸನ್ ಇಬ್ಬರೂ ರಕ್ತದಲ್ಲಿ ಜಾರುತ್ತ ಅವನೊಡನೆ ಸೆಣಸುತ್ತಿದ್ದರು. ಇಳಿಯಲು ತಕ್ಕುದಕ್ಕಿಂತ ಹೆಚ್ಚು ತೂಕವಿದ್ದ ವಿಮಾನವನ್ನು ಮೆಂಫಿಸ್‌ನಲ್ಲೇ ಸುಸೂತ್ರ ಇಳಿಸಿದರು. ವಿಮಾನ ರಿಪೇರಿಯಾಗಿ ಮತ್ತೆ ದಶಕಗಳ ಕಾಲ ಸರಕು ಹೊತ್ತಿತು, ಆ ಮೂವರಿಗೆ ಮಾತ್ರ ಮತ್ತೆ ವೃತ್ತಿಗೆ ಮರಳಲಾಗಲಿಲ್ಲ.

ಅದೇ ವರ್ಷದ ಜೂನ್‌ನಲ್ಲಿ ಇನ್ನೊಂದು ದೃಶ್ಯ. ಪ್ರಯಾಣಿಕರ ವಿಮಾನವಲ್ಲ, ಟೆಕ್ಸ್ ಹಾರಿಸಿದ ಜಾತಿಯ ಬಿ-52. ಜಾಗ ಸಿಯಾಟಲ್ ಇರುವ ಅದೇ ವಾಷಿಂಗ್ಟನ್ ರಾಜ್ಯದ ಫೇರ್‌ಚೈಲ್ಡ್ ವಾಯುನೆಲೆ. ಪ್ರದರ್ಶನದ ತಾಲೀಮು ನಡೆಸುತ್ತಿದ್ದ ಪೈಲಟ್ ನಿಯಮ ಮೀರುವುದಕ್ಕೆ ಹೆಸರಾಗಿದ್ದವನು. ಮೇಲಿನವರು ಕಂಡೂ ಕಾಣದಂತಿದ್ದರು. ಕಂಟ್ರೋಲ್ ಟವರನ್ನು ಸುತ್ತುವಾಗ ಎತ್ತರವೂ ಇರಲಿಲ್ಲ, ವೇಗವೂ ಉಳಿದಿರಲಿಲ್ಲ. ರೆಕ್ಕೆ ಲಂಬವಾಗಿ ನಿಂತು ವಿಮಾನ ನೆಲಕ್ಕಪ್ಪಳಿಸಿ ಒಳಗಿದ್ದ ನಾಲ್ವರೂ ಸತ್ತರು. ಟೆಕ್ಸ್ ಮೂತಿ ಎತ್ತಿ ಕೂಡಿಟ್ಟುಕೊಂಡ ಎತ್ತರವೇ ಇಲ್ಲಿ ಇಲ್ಲವಾದದ್ದು.

ಈಗ ಏರ್‌ಬಸ್ ಎ320 ತರದ ವಿಮಾನಗಳನ್ನು ಪೈಲಟ್ ಎಷ್ಟೇ ಒತ್ತಿ ಹೊರಳಿಸಹೋದರೂ, ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ, ಕಂಪ್ಯೂಟರ್ 67 ಡಿಗ್ರಿಗಿಂತ ಹೆಚ್ಚು ವಾಲಲು ಬಿಡುವುದಿಲ್ಲ. ಪಲ್ಟಿಯ ವಿದ್ಯೆ ಹಾಗೆಂದು ಬೇಡವಾಗಿಲ್ಲ. ಬಿರುಗಾಳಿಯೋ ಯಂತ್ರದೋಷವೋ ವಿಮಾನವನ್ನು ಮಗುಚಿದರೆ ಸಮಕ್ಕೆ ತರುವುದು ಗೊತ್ತಿರಬೇಕೆಂದು, ಪ್ರಯಾಣಿಕರ ವಿಮಾನಕ್ಕೆ ಹೊಸದಾಗಿ ಲೈಸೆನ್ಸ್ ಪಡೆಯುವ ಯುರೋಪಿನ ಪೈಲಟ್‌ಗಳು 2019ರ ಡಿಸೆಂಬರ್‌ನಿಂದ ಕಸರತ್ತಿಗೆ ತಕ್ಕ ಪುಟ್ಟ ವಿಮಾನದಲ್ಲಿ ಕನಿಷ್ಠ ಮೂರು ಗಂಟೆ ಹಾರಿ ಕಲಿಯುವುದು ಕಡ್ಡಾಯವಾಗಿದೆ.