ಮಲಪ್ರಭೆಯ ಸೀಮೆಯ ನಾಲ್ಕು ಪಟ್ಟಣಗಳಲ್ಲಿ ಹಿತ್ತಲ ತೋಟ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಇವು ಬೆಳಗಾವಿ ಜಿಲ್ಲೆಯಲ್ಲಿ ಬೆಳೆಯುತ್ತಿರುವ ಪಟ್ಟಣಗಳು. ಇಲ್ಲಿಯ ಹಳೆಯ ಮನೆಗಳ ಹಿತ್ತಲದಲ್ಲಿ ಬಚ್ಚಲ ನೀರು ಹರಿಯುವೆಡೆ ಬಾಳೆ, ಕೆಸು. ಗೋಡೆಯ ಮಗ್ಗುಲಲ್ಲಿ ನುಗ್ಗೆ, ಕರಿಬೇವು. ಚಪ್ಪರದ ಮೇಲೆ ಹೀರೆ, ಅವರೆ. ಮೂಲೆಯಲ್ಲಿ ತಿಪ್ಪೆ ಇರುತ್ತಿದ್ದವು. ಮನೆಯ ನೀರೂ ಕಸವೂ ಮನೆಯಲ್ಲಿಯೇ ಪಲ್ಯವಾಗಿ ಪರಿಣಮಿಸುತ್ತಿದ್ದವು. ಈಗ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನವನ್ನೆಲ್ಲ ಕಟ್ಟಡವೇ ಆಕ್ರಮಿಸಿ, ಉಳಿದ ಅಂಗಳಕ್ಕೆ ಫರಸಿ ಬೀಳುತ್ತಿದೆ. ನೀರು ಗಟಾರಕ್ಕೂ ಕಸ ಊರಾಚೆಗೂ ಸಾಗುವದು.

ಹಿತ್ತಲವನ್ನು ಪುನಃ ರೂಢಿಸಬೇಕಾದರೆ ಮೊದಲು ನೆಲವನ್ನರಿಯಬೇಕು. ಸಹ್ಯಾದ್ರಿಯಿಂದ ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುವದು. ಕಿತ್ತೂರು ಮಲೆನಾಡಿನ ಸೆರಗಿಗೆ ಸಮೀಪ, ರಾಮದುರ್ಗವು ಅಪ್ಪಟ ಬಯಲುಸೀಮೆ. ಸವದತ್ತಿಯ ಮರಳುಗಲ್ಲಿನ ಗುಡ್ಡದ ಮಣ್ಣು ತೆಳು. ಅಲ್ಲಿ ಗೊಬ್ಬರ ತುಂಬಿದ ಮಡಿಗಳೇ ಮೇಲು. ಬೈಲಹೊಂಗಲದ ಸುತ್ತಣ ಎರೆಮಣ್ಣು ನೀರುಂಡು ಉಬ್ಬಿ, ಒಣಗಿ ಬಿರಿಯುವದು. ಆದುದರಿಂದ ಅಲ್ಲಿ ಮಡಿಗಳನ್ನು ಗೋಡೆಯ ಬುಡದಿಂದ ದೂರವಿಡುವದು ಅವಶ್ಯ. ಇಲ್ಲವಾದರೆ ಗೋಡೆ ಸೀಳುವ ಸಂಭವವುಂಟು.

ನೀರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಬಟ್ಟೆ ಒಗೆಯುವ ಪುಡಿಯಲ್ಲಿ ಸೋಡಿಯಂ ಲವಣಗಳಿರುವವು. ಅವು ಎರೆಮಣ್ಣಿನ ಸೂಕ್ಷ್ಮ ಕಣಗಳನ್ನು ಬಿಡಿಬಿಡಿಯಾಗಿಸಿ ರಂಧ್ರಗಳನ್ನು ಮುಚ್ಚುವವು. ನೀರು ಇಂಗದೆ ಬೇರು ಉಸಿರುಗಟ್ಟುವದು. ಅಕ್ಕಿ, ಕಾಯಿಪಲ್ಯ ತೊಳೆದ ನೀರು ಗಿಡಕ್ಕೆ ಹಿತ. ಒಗೆದ ನೀರನ್ನು ಬೇರೆ ಹರಿಸಬೇಕು. ಹಿರಿಯರ ಬಚ್ಚಲದಲ್ಲಿ ಸೀಗೆಕಾಯಿ, ಕಡಲೆಹಿಟ್ಟುಗಳಿದ್ದವು. ಬಚ್ಚಲ ಬಾಳೆ ಸೊಂಪಾಗಿ ಬೆಳೆದುದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಇನ್ನು ಮಾಳಿಗೆಯ ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ ಮಳೆ ಬಿದ್ದರೆ ಒಂದು ಲೀಟರ ನೀರು. 100 ಚದರ ಮೀಟರ ಮಾಳಿಗೆಯ ಮೇಲೆ ವರ್ಷಕ್ಕೆ 600 ಮಿಲಿಮೀಟರ ಸುರಿದರೆ 60,000 ಲೀಟರ. ಐದರಲ್ಲೊಂದು ಪಾಲು ಪೋಲಾದರೂ 48,000 ಉಳಿಯುವದು. ಇದರಲ್ಲಿ 5,000 ಲೀಟರ ಹಿಡಿಯುವ ತೊಟ್ಟಿಯೊಂದಿದ್ದರೆ, ದಿನಕ್ಕೆ 50 ಲೀಟರಿನಂತೆ ಬೇಸಗೆಯ 100 ದಿನ ಮಡಿಗಳಿಗೆ ನೀರುಂಟು. ಮಿಕ್ಕುದನ್ನು ನೆಲಕ್ಕೆ ಇಂಗಿಸಬಹುದು.

ಹಿತ್ತಲವು ಮನೆಯ ಜೋಳವನ್ನು ಬೆಳೆಯಲಾರದು. ನಿತ್ಯದ ಸೊಪ್ಪನ್ನು ಮಾತ್ರ ಕೊಡಬಲ್ಲುದು. ಆದರೆ 2019ರ ಆಗಸ್ಟಿನಲ್ಲಿ ಮಲಪ್ರಭೆಯ ಮಹಾಪೂರವು ರಾಮದುರ್ಗ ತಾಲೂಕನ್ನು ಕಾಡಿತು; 2023ರಲ್ಲಿ ನಾಡಿಗೆ ಬರ ಬಂದಿತು. ಅತಿವೃಷ್ಟಿ ಅನಾವೃಷ್ಟಿಗಳೆರಡನ್ನೂ ಕಾಣುವ ಸೀಮೆಯಲ್ಲಿ ಮಳೆಯನ್ನು ಬಿದ್ದಲ್ಲಿಯೇ ತಡೆಯುವ ಒಂದು ತುಂಡು ಬಿಡುನೆಲವು ಪ್ರತಿ ಮನೆಗೂ ಬೇಕು. ಹೊಸ ಬಡಾವಣೆಗಳ ನಕ್ಷೆ ಬರೆಯುವಾಗಲೇ ಅದಕ್ಕೆ ಸ್ಥಳ ಕಾದಿರಿಸುವದು ಸುಲಭ. ಫರಸಿ ಹಾಸಿದ ಮೇಲೆ ಕಿತ್ತು ತೆಗೆಯುವದು ಕಷ್ಟ.