ಮನೆಯನ್ನಲ್ಲ, ಮನುಷ್ಯರನ್ನು ಇವಿಕ್ಟ್ ಮಾಡ್ತಾರೆ

‘ಇವಿಕ್ಟ್’ ಅನ್ನೋ ಇಂಗ್ಲಿಷ್ ಕ್ರಿಯಾಪದ ನನಗೆ ಆಫೀಸಿನಲ್ಲಿ ಹಳೇ ಪರಿಚಯ. ಕುಬರ್ನೆಟೀಸ್‌ನಲ್ಲಿ ಸರ್ವರ್‌ಗೆ ಮೆಮೊರಿ ಸಾಲದೇ ಬಂದಾಗ ಅದು ಕೆಲವು ಪಾಡ್‌ಗಳನ್ನು ಹೊರಗೆ ಹಾಕುತ್ತೆ. ಸ್ಕ್ರೀನ್ ಮೇಲೆ ‘ಇವಿಕ್ಟೆಡ್’ ಅಂತ ಬರುತ್ತೆ. ಕಾಫಿ ಕುಡೀತಾ ನೋಡಿ ಮುಂದಕ್ಕೆ ಹೋಗ್ತಿದ್ದೆ. ಕಳೆದ ವರ್ಷ ಆ ಪದ ನಮ್ಮ ಬಾಡಿಗೆ ಮನೆ ಬಾಗಿಲಿಗೇ ಬಂತು.

ಭಾನುವಾರ ಬೆಳಿಗ್ಗೆ ಓನರ್ ವಾಟ್ಸಾಪ್ ಮೆಸೇಜ್: ‘ಮಗ ವಾಪಸ್ ಬರ್ತಿದ್ದಾನೆ, ಹದಿನೈದು ದಿನದಲ್ಲಿ ವೆಕೇಟ್ ಮಾಡಿ.’ ನನ್ನ ಹೆಂಡತಿ ಆಗ ಏಳು ತಿಂಗಳ ಗರ್ಭಿಣಿ. ಸಿಟ್ಟಿನಲ್ಲಿ ‘ಯೂ ಕೆನಾಟ್ ಇವಿಕ್ಟ್ ದ ಹೌಸ್ ಲೈಕ್ ದಿಸ್’ ಅಂತ ಟೈಪ್ ಮಾಡಿದೆ. ಕಳಿಸೋ ಮುಂಚೆ ವಕೀಲಿ ಮಾಡೋ ಗೆಳತಿಗೆ ತೋರಿಸಿದೆ.

ಅವಳು ನಕ್ಕಳು. ‘ಮನೆಯನ್ನ ಯಾರೂ ಇವಿಕ್ಟ್ ಮಾಡಲ್ಲ ಮಾರಾಯ. ಮನೆಯನ್ನ ವೆಕೇಟ್ ಮಾಡೋದು ನೀನು. ನಿನ್ನನ್ನ ಇವಿಕ್ಟ್ ಮಾಡೋದು ಅವರು. ಒಂದಕ್ಕೆ ಜಾಗ ಕರ್ಮಪದ, ಇನ್ನೊಂದಕ್ಕೆ ಮನುಷ್ಯ.’

ನಾವು ‘ಓನರ್ ನಮ್ಮನ್ನ ವೆಕೇಟ್ ಮಾಡಿಸಿದ್ರು’ ಅಂತ ಕನ್ನಡದಲ್ಲಿ ಸಲೀಸಾಗಿ ಹೇಳ್ತೀವಿ. ಅದನ್ನೇ ಇಂಗ್ಲಿಷಿಗೆ ಎತ್ತಿಕೊಂಡು ಹೋದಾಗ ಎಡವಟ್ಟು. ಹೊರಹಾಕೋದಕ್ಕೆ ಅಲ್ಲಿ ಜಾಗಕ್ಕೊಂದು ಪದ ಇದೆ. ಶಾಲೆಯಿಂದ, ಪಕ್ಷದಿಂದ ತೆಗೆದರೆ ಎಕ್ಸ್‌ಪೆಲ್. ಕುರ್ಚಿಯಿಂದ ಇಳಿಸಿದರೆ ಔಸ್ಟ್. ಪೆನ್‌ಡ್ರೈವ್ ಆದ್ರೆ ಇಜೆಕ್ಟ್. ಮನೆ, ಜಮೀನಿನಿಂದ ಎಬ್ಬಿಸಿದರೆ ಇವಿಕ್ಟ್.

ಆದರೆ ಅವಳು ಹೇಳಿದ ಎರಡನೇ ಮಾತೇ ನಮ್ಮನ್ನ ಉಳಿಸಿದ್ದು. ‘ಅವರು ನಿಮ್ಮನ್ನ ಇನ್ನೂ ಇವಿಕ್ಟ್ ಮಾಡಿಲ್ಲ, ವೆಕೇಟ್ ಮಾಡಿ ಅಂತ ಕೇಳಿದ್ದಾರೆ ಅಷ್ಟೆ. ಇವಿಕ್ಟ್ ಅನ್ನೋದರ ಹಿಂದೆ ಕಾನೂನು ಇರಬೇಕು. ನೀವು ಹೋಗಲ್ಲ ಅಂದ್ರೆ ಅವರು ಕೋರ್ಟಿಗೆ ಹೋಗಬೇಕು. ಬೀಗ ಬದಲಾಯಿಸೋದು, ನೀರು ನಿಲ್ಲಿಸೋದು ದಾರಿ ಅಲ್ಲ. ಮೊದಲು ಅಗ್ರಿಮೆಂಟ್ ತೆಗೆದು ಓದು.’

ಸೈನ್ ಮಾಡಿದ ಮೇಲೆ ಅದನ್ನ ತೆರೆದೇ ಇರಲಿಲ್ಲ. ಆರನೇ ಷರತ್ತು: ಎರಡು ಕಡೆಯವರೂ ಎರಡು ತಿಂಗಳ ನೋಟಿಸ್ ಕೊಡಬೇಕು. ಸಿಟ್ಟಿನ ಮೆಸೇಜ್ ಅಳಿಸಿ, ಆ ಪುಟದ ಫೋಟೊ ಕಳಿಸಿದೆ. ಸಂಜೆ ಉತ್ತರ ಬಂತು: ‘ಸರಿ, ಎರಡು ತಿಂಗಳು.’

ಆಮೇಲೆ ಕುತೂಹಲಕ್ಕೆ ಡಿಕ್ಷನರಿ ತೆಗೆದೆ. ಇವಿಕ್ಟ್‌ನ ಬೇರು ಲ್ಯಾಟಿನ್ನಿನ ‘ವಿಂಕೆರೆ’, ಅಂದ್ರೆ ಗೆಲ್ಲು. ವಿಕ್ಟರಿ, ಕನ್ವಿಕ್ಟ್ ಎರಡೂ ಅದರ ಅಣ್ಣತಮ್ಮಂದಿರು. ಆ ಪದದೊಳಗೆ ಕೂತಿರೋದು ಗೆದ್ದವನು. ನಮ್ಮ ಕನ್ನಡದ ‘ಒಕ್ಕಲೆಬ್ಬಿಸು’ ನೋಡಿ. ಒಕ್ಕಲು ಅಂದ್ರೆ ನೆಲ ಹಿಡಿದು ಬಾಳೋ ಸಂಸಾರ. ಎಬ್ಬಿಸು ಅಂದ್ರೆ ಎಬ್ಬಿಸು, ಊಟಕ್ಕೆ ಕೂತವರನ್ನ ಎಬ್ಬಿಸಿದ ಹಾಗೆ. ಇಲ್ಲಿ ಗೆದ್ದವನ ಸುದ್ದಿಯೇ ಇಲ್ಲ. ಎದ್ದು ಹೋಗಬೇಕಾದವರೇ ಕಣ್ಣಿಗೆ ಬೀಳ್ತಾರೆ.

ನನ್ನ ಅಜ್ಜಿಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಏರಿದಾಗ ಅವರ ಊರು ಮುಳುಗಿತು. ಸರ್ಕಾರಿ ಕಾಗದದಲ್ಲಿ ಅವರು ‘ಸಂತ್ರಸ್ತರು’. ಅಜ್ಜಿ ಹೇಳೋದು ಮಾತ್ರ ‘ನಮ್ಮನ್ನ ನೀರು ಎಬ್ಬಿಸ್ತು’ ಅಂತ.

ಎರಡು ತಿಂಗಳಲ್ಲಿ ಆಸ್ಪತ್ರೆ ಹತ್ತಿರವೇ ಮನೆ ಸಿಕ್ತು. ಸಾಮಾನು ಲಾರಿಗೆ ಏರಿಸುತ್ತಿದ್ದಾಗ ಅಜ್ಜಿ ಫೋನ್ ಮಾಡಿದ್ರು.

‘ಎಬ್ಬಿಸಿದ್ರಾ, ನೀವೇ ಎದ್ರಾ?’

‘ನಾವೇ ಎದ್ವಿ ಅಜ್ಜಿ.’

‘ಹಾಗಾದ್ರೆ ಹೊಸಿಲಿಗೆ ಕೈ ಮುಗಿದು ಬನ್ನಿ. ನಮಗೆ ಅದಕ್ಕೂ ಪುರುಸೊತ್ತು ಸಿಗಲಿಲ್ಲ.’