ಏಕಪುಟ ಜಾಲತಂತ್ರದಲ್ಲಿ ಮಾರ್ಗಾಂಗಸಂಬಂಧ ವಿಚಾರ

ವಿದ್ವಾಂಸನೊಬ್ಬನು ತನ್ನ ಲೇಖನದಲ್ಲಿ ಜಾಲತಾಣವೊಂದರ ವಿಳಾಸವನ್ನು ಆಕರವೆಂದು ಕೊಟ್ಟರೆ, ಹತ್ತು ವರ್ಷಗಳ ತರುವಾಯವೂ ಆ ವಿಳಾಸವು ಅದೇ ಪಾಠವನ್ನು ತೋರಿಸಬೇಕಷ್ಟೆ. ಗ್ರಂಥದ ಪುಟಸಂಖ್ಯೆಗಿರುವ ಪ್ರಾಮಾಣ್ಯವು ವಿಳಾಸಕ್ಕೂ ಬರಬೇಕಾದರೆ, ಅದಕ್ಕೂ ತೆರೆಯ ಮೇಲೆ ಕಾಣುವ ಪಾಠಕ್ಕೂ ಇರುವ ಸಂಬಂಧವು ನಿಯತವಾಗಿರತಕ್ಕದ್ದು. ಈ ಸಂಬಂಧವು ಏಕಪುಟ ಜಾಲತಂತ್ರದಲ್ಲಿ ಹೇಗೆ ಸಿದ್ಧಿಸುವುದೆಂಬುದೇ ಪ್ರಕೃತ ವಿಚಾರ.

ಮೊದಲಿನ ಪದ್ಧತಿಯಲ್ಲಿ ಒಂದೊಂದು ವಿಳಾಸಕ್ಕೂ ಸರ್ವರಿನಿಂದ ಒಂದೊಂದು ಪುಟವು ಬರುವುದು. ಅನೇಕ ತಾಣಗಳು ಇಂದಿಗೂ ಹಾಗೆಯೇ ಇವೆ. ಏಕಪುಟ ತಂತ್ರದಲ್ಲಾದರೋ ಪುಟವು ಬರುವುದು ಒಮ್ಮೆ ಮಾತ್ರ. ಬಳಿಕ ಜಾವಾಸ್ಕ್ರಿಪ್ಟ್ ಕ್ರಮವಿಧಿಯೇ ವಿಳಾಸವನ್ನು ಓದಿ, ತಕ್ಕ ಅಂಗವನ್ನು, ಎಂದರೆ ಕಾಂಪೊನೆಂಟನ್ನು, ಆ ಒಂದೇ ಪುಟದೊಳಗೆ ನಿಲ್ಲಿಸುವುದು. ವಿಳಾಸದ ಮಾದರಿಗೆ ರೂಟ್ ಎಂದೂ, ಇಂಥ ಮಾದರಿಗೆ ಇಂಥ ಅಂಗವೆಂದು ನಿರ್ಣಯಿಸುವ ಭಾಗಕ್ಕೆ ರೂಟರ್ ಎಂದೂ ಹೆಸರು. ಪುಟವನ್ನು ಮತ್ತೆ ತರಿಸದೆ ವಿಳಾಸವನ್ನು ಮಾತ್ರ ಬದಲಾಯಿಸುವ ಸೌಕರ್ಯವು ಬ್ರೌಸರಿನ ಹಿಸ್ಟರಿ ಎಪಿಐ ಎಂಬುದರಿಂದ ಲಭಿಸುತ್ತದೆ.

ರೂಟುಗಳನ್ನು ಸೂತ್ರಗಳೆಂದೇ ಭಾವಿಸಬಹುದು. ಗ್ರಂಥಭಂಡಾರವೊಂದರ ತಾಣದಲ್ಲಿ ‘/ಕವಿ/ಸೂಚಿ’ ಎಂಬುದಕ್ಕೆ ಕವಿಗಳ ಅಕಾರಾದಿ ಪಟ್ಟಿಯೂ, ‘/ಕವಿ/:ನಾಮ’ ಎಂಬುದಕ್ಕೆ ಆಯಾ ಕವಿಯ ಚರಿತ್ರೆಯೂ ವಿಹಿತವಾಗಿವೆಯೆನ್ನೋಣ. ‘ಸೂಚಿ’ ಎಂಬುದು ಸ್ಥಿರಪದ. ‘:ನಾಮ’ ಎಂಬುದು ಚರಪದ, ಅದರ ಸ್ಥಾನದಲ್ಲಿ ಪಂಪ, ರನ್ನ, ಜನ್ನ ಯಾವುದಾದರೂ ನಿಲ್ಲಬಹುದು. (ಕ್ರಮವಿಧಿಯಲ್ಲಿ ಚರಪದವನ್ನು ರೋಮನ್ ಲಿಪಿಯಲ್ಲಿ ಬರೆಯುವುದೇ ರೂಢಿ; ಇಲ್ಲಿಯ ಕನ್ನಡ ರೂಪವು ಬೋಧಸೌಕರ್ಯಕ್ಕಾಗಿ.) ಓದುಗನು ‘/ಕವಿ/ಸೂಚಿ’ಯನ್ನು ಕೇಳಿದಾಗ ಎರಡು ಸೂತ್ರಗಳೂ ಪ್ರಾಪ್ತವಾಗುತ್ತವೆ. ಯಾವುದು ಪ್ರಬಲ?

ರಿಯಾಕ್ಟ್ ರೂಟರಿನ ಐದನೆಯ ಆವೃತ್ತಿಯಲ್ಲಿ ಸ್ವಿಚ್ ಎಂಬ ಅಂಗವು, ಪಟ್ಟಿಯಲ್ಲಿ ಯಾವುದು ಮೊದಲು ಹೊಂದಿತೋ ಅದನ್ನೇ ಗ್ರಹಿಸುತ್ತಿತ್ತು. ಆಂಗ್ಯುಲರ್ ಕೂಡ ಪೂರ್ವಪಠಿತಕ್ಕೇ ಪ್ರಾಬಲ್ಯವನ್ನು ಕೊಡುತ್ತದೆ. ಹೀಗಿರಲು ಚರಸೂತ್ರವನ್ನು ಮೊದಲು ಬರೆದರೆ, ತಾಣವು ‘ಸೂಚಿ’ಯೆಂಬ ಹೆಸರಿನ ಕವಿಯನ್ನು ಹುಡುಕಹೊರಡುವುದು! ತುಲ್ಯಬಲವಿರೋಧದಲ್ಲಿ ಪರಶಾಸ್ತ್ರವೇ ಪ್ರಬಲವೆಂದು ಪಾಣಿನಿಯು (೧-೪-೨) ವಿಧಿಸಿರುವನಷ್ಟೆ. ಇದು ಅದರ ವಿಪರ್ಯಯ. ಆದರೆ ಪ್ರಕೃತ ವಿರೋಧವು ತುಲ್ಯಬಲವೇ ಅಲ್ಲ. ಒಂದು ಸಾಮಾನ್ಯ, ಮತ್ತೊಂದು ವಿಶೇಷ. ಇಂಥಲ್ಲಿ ಪಾಠಕ್ರಮವನ್ನು ನೋಡದೆ ಉತ್ಸರ್ಗವನ್ನು ಅಪವಾದವು ಬಾಧಿಸುವುದೇ ಯುಕ್ತ. ೨೦೨೧ರಲ್ಲಿ ಹೊರಬಂದ ರಿಯಾಕ್ಟ್ ರೂಟರಿನ ಆರನೆಯ ಆವೃತ್ತಿಯು ಈ ನ್ಯಾಯವನ್ನೇ ಹಿಡಿಯಿತು. ಅದು ಪ್ರತಿ ಸ್ಥಿರಪದಕ್ಕೆ ೧೦, ಚರಪದಕ್ಕೆ ೩ ಅಂಕಗಳನ್ನಿತ್ತು, ಸರ್ವಗ್ರಾಹಿಯಾದ ನಕ್ಷತ್ರಚಿಹ್ನೆಗೆ ೨ನ್ನು ಕಳೆದು, ಅಧಿಕಾಂಕವುಳ್ಳ ಮಾರ್ಗವನ್ನು ಆರಿಸುತ್ತದೆ. ಅಂಕಗಳು ಸಮವಾದರೆ ಮಾತ್ರ ಬರೆದ ಕ್ರಮವನ್ನು ನೋಡುತ್ತದೆ. ಅದರ ಕರ್ತೃಗಳು ಅಷ್ಟಾಧ್ಯಾಯಿಯನ್ನು ಓದಿದ್ದರೆಂಬುದು ನಮ್ಮ ವಾದವಲ್ಲ. ವಿಧಿಗಳ ರಾಶಿ ಬೆಳೆದಲ್ಲೆಲ್ಲ ಈ ಪ್ರಶ್ನೆಯು ಏಳದೆ ಇರದು.

ಮಾರ್ಗದೊಳಗೆ ಉಪಮಾರ್ಗಗಳೂ ಉಂಟು. ಮೇಲಿನ ಮಾರ್ಗದ ಪದಗಳು ಅಧಿಕಾರಸೂತ್ರದಂತೆ ಕೆಳಗಿನವುಗಳಲ್ಲಿ ಅನುವರ್ತಿಸುತ್ತವೆ. ಮೇಲಿನ ಅಂಗದೊಳಗೆ ಔಟ್‌ಲೆಟ್ ಎಂಬ ಸ್ಥಾನದಲ್ಲಿ ಕೆಳಗಿನ ಅಂಗವು ಕೂಡುತ್ತದೆ.

ಇನ್ನೊಂದು ಸೂಕ್ಷ್ಮವಿದೆ, ಪಾಠಕರಿಗೆ ಇದೇ ಮುಖ್ಯವಾದದ್ದು. ‘/ಕವಿ/ಪಂಪ’ದಿಂದ ‘/ಕವಿ/ರನ್ನ’ಕ್ಕೆ ಹೋದಾಗ ಸೂತ್ರವು ಒಂದೇ ಆದಕಾರಣ, ರೂಟರು ಸಾಮಾನ್ಯವಾಗಿ ಹಳೆಯ ಅಂಗವನ್ನು ತೆಗೆದುಹಾಕದೆ ಅದನ್ನೇ ಉಳಿಸಿಕೊಳ್ಳುವುದು. ಅಂಗವು ಹುಟ್ಟಿದಾಗ ಮಾತ್ರ ಪಾಠವನ್ನು ತರಿಸುವಂತೆ ಬರೆದಿದ್ದರೆ, ವಿಳಾಸದಲ್ಲಿ ರನ್ನನೂ ಕೆಳಗೆ ಪಂಪನ ಚರಿತ್ರೆಯೂ ಕಾಣುವುವು. ದೋಷವೆಂದು ಮೇಲುನೋಟಕ್ಕೆ ತಿಳಿಯದ ದೋಷವಾದ್ದರಿಂದ ಇದು ಅಪಾಯಕರ. ನೋಡಿ ಬರೆದುಕೊಂಡ ವಿದ್ಯಾರ್ಥಿಯು ತಪ್ಪು ಆಕರವನ್ನೇ ಉದಾಹರಿಸುವನು. ಚರಪದವು ಬದಲಾದಾಗಲೆಲ್ಲ ಪಾಠವನ್ನು ಪುನಃ ತರಿಸುವಂತೆ ವಿಧಿಸುವುದೇ ಪರಿಹಾರ.

ಕಡೆಗೆ ಸರ್ವರಿನ ಮಾತು. ಉಳಿಸಿಟ್ಟ ‘/ಕವಿ/ರನ್ನ’ ವಿಳಾಸವನ್ನು ಒಬ್ಬನು ನೇರವಾಗಿ ತೆರೆದರೆ, ಬ್ರೌಸರು ಮೊದಲು ಸರ್ವರನ್ನೇ ಕೇಳುವುದು. ಅಲ್ಲಿ ಅಂಥ ಕಡತವೇ ಇಲ್ಲದ ಕಾರಣ ೪೦೪ ಎಂಬ ನಿರಾಕರಣವು ಬರುವುದು. ಆದಕಾರಣ ಗೊತ್ತಿಲ್ಲದ ವಿಳಾಸಗಳಿಗೆಲ್ಲ ಮೂಲಪುಟವನ್ನೇ ಕೊಡುವಂತೆ ಸರ್ವರಿಗೆ ವಿಧಿಸುತ್ತಾರೆ. ಆಗ ನಿಜವಾಗಿಯೂ ತಪ್ಪಾದ ವಿಳಾಸಕ್ಕೂ ಸರ್ವರು ೨೦೦, ಎಂದರೆ ಸರಿಯೆಂಬ ಉತ್ತರವನ್ನೇ ಕೊಡುತ್ತದೆ. ಇಲ್ಲವೆಂದು ಹೇಳುವ ಭಾರವು ರೂಟುಪಟ್ಟಿಯ ನಕ್ಷತ್ರಚಿಹ್ನೆಯ ಸೂತ್ರಕ್ಕೆ ಬೀಳುವುದು. ಆಂಗ್ಯುಲರಿನಲ್ಲಿ ಅದನ್ನು ಎಲ್ಲಕ್ಕೂ ಕೊನೆಯಲ್ಲಿಯೇ ಬರೆಯಬೇಕು.